ಗಜಾನನನ ಕಂಬಳಿ ಕವಚ

ತೀರ್ಥಹಳ್ಳಿ ಸೀಮೆಯಲ್ಲಿ ದನ ಸಾಕಿದವರ ಮನೆಗೆ ಹೋಗಿ ಮೇಳಿಗೆಯ ಗಜಾನನನ ಎಡಗೈ ಸುದ್ದಿ ಎತ್ತಿ ನೋಡಿ. ಮಾತಾಡುತ್ತಿದ್ದವರು ಸುಮ್ಮನಾಗುತ್ತಾರೆ. ಎಲೆ ಅಡಿಕೆ ಮೆಲ್ಲುತ್ತಿದ್ದವರು ಎದ್ದುಹೋಗಿ ಉಗುಳಿ, ಬಾಯಿ ತೊಳೆದುಕೊಂಡು ಬಂದು ಆಮೇಲೆ ಮಾತು ಶುರು ಮಾಡುತ್ತಾರೆ. ಅಂಥ ಕೈ ಅದು.

ಗಜಾನನನ ಕೆಲಸ ಬೆದೆಗೆ ಬಂದ ದನಗಳಿಗೆ ಕೃತಕ ಗರ್ಭಧಾರಣೆ ಮಾಡುವುದು. ಹಾಲಿನ ಸೊಸೈಟಿಯವರು ಕೊಡಿಸಿದ ತರಬೇತಿ ಬಿಟ್ಟರೆ ಬೇರೆ ಓದಿಲ್ಲ, ಆದರೂ ಊರವರ ಬಾಯಲ್ಲಿ ಅವನು ಡಾಕ್ಟ್ರು. ದನದ ಹಿಂದೆ ನಿಂತು, ಭುಜದವರೆಗೆ ಬರುವ ಪ್ಲಾಸ್ಟಿಕ್ ಕೈಗವಸು ತೊಟ್ಟ ಎಡಗೈಯನ್ನು ಪೂರ್ತಿ ಒಳಗೆ ಹಾಕಿ, ಬಲಗೈಯಲ್ಲಿ ಹಿಡಿದ ಉದ್ದನೆಯ ಕೊಳವೆಯಿಂದ ಮಾಡಬೇಕಾದ್ದನ್ನು ಮಾಡಿ, ಕೈ ಹೊರಗೆ ತೆಗೆದರೆ ಮುಗಿಯಿತು. ಉಳಿದವರು ಇದನ್ನು ಲೋಟದ ಕಾಫಿ ಆರುವುದರೊಳಗೆ ಮುಗಿಸುತ್ತಾರೆ.

ಗಜಾನನ ಹಾಗಲ್ಲ. ಕೆಲಸ ಮುಗಿದ ಮೇಲೂ ಅವನು ಕೈ ತೆಗೆಯುವುದಿಲ್ಲ. ಕಣ್ಣು ಮುಚ್ಚುತ್ತಾನೆ. ಕೆನ್ನೆಯನ್ನು ದನದ ಸೊಂಟಕ್ಕೆ ಒರಗಿಸುತ್ತಾನೆ. ಮುಖದ ಮೇಲೆ ಒಂದು ಶಾಂತಿ ಹರಡುತ್ತದೆ. ಹುಬ್ಬು ಸಡಿಲವಾಗುತ್ತದೆ, ತುಟಿ ಅರ್ಧ ತೆರೆಯುತ್ತದೆ. ದನ ಕೂಡ ಮೆಲುಕು ಹಾಕುವುದನ್ನು ನಿಲ್ಲಿಸಿ, ಏನೋ ಗಹನವಾದದ್ದು ನಡೆಯುತ್ತಿದೆ ಎಂಬಂತೆ ನಿಲ್ಲುತ್ತದೆ. ಕೊಟ್ಟಿಗೆಯ ಬಾಗಿಲಲ್ಲಿ ನಿಂತ ಮನೆಯವರು ಕೆಮ್ಮು ಬಂದರೂ ನುಂಗುತ್ತಾರೆ. ಬಹಳ ಹೊತ್ತಿನ ಮೇಲೆ, ಒಂದು ನಿಟ್ಟುಸಿರಿನ ಜೊತೆ ಕೈ ಹೊರಗೆ ಬರುತ್ತದೆ. ಮಂಜಿನ ಬೆಳಗಿನಲ್ಲಿ ಆ ಕೈಯಿಂದ ಹಬೆ ಏಳುತ್ತದೆ. ಹೋಮಕುಂಡದಿಂದ ಎದ್ದ ಹಾಗೆ.

ಇದಕ್ಕೆ ಊರಿಗೊಂದು ಕಥೆ ಇದೆ. ಮೇಳಿಗೆಯವರ ಪ್ರಕಾರ ಆ ಹೊತ್ತಿನಲ್ಲಿ ಗಜಾನನ ಹುಟ್ಟಲಿರುವ ಕರುವಿನ ಜೊತೆ ಮಾತಾಡುತ್ತಾನೆ. ಹೆಣ್ಣಾಗಿ ಹುಟ್ಟು ಎಂದು ಒಪ್ಪಿಸಿಯೇ ಕೈ ತೆಗೆಯುವುದು. ಮಂಡಗದ್ದೆ ಕಡೆಯವರು ಇದನ್ನು ನಂಬುವುದಿಲ್ಲ. ಕರುವೇ ಇನ್ನೂ ಆಗಿಲ್ಲ, ಮಾತು ಯಾರ ಜೊತೆ ಎಂದು ಕೇಳುವಷ್ಟು ಬುದ್ಧಿವಂತರು ಅವರು. ಅವರ ಪ್ರಕಾರ ಗಜಾನನ ಮುಂದೆ ಆ ದನ ಕೊಡಲಿರುವ ಹಾಲಿನ ಲೆಕ್ಕ ಹಾಕುತ್ತಿರುತ್ತಾನೆ. ಹೊಸನಗರದಲ್ಲಿ ಕೇಳಿದರೆ ಅದು ಅವನ ಅಜ್ಜನಿಗೆ ಒಬ್ಬ ಸಾಧು ಕೊಟ್ಟ ಮಂತ್ರ. ಚಳಿಗಾಲದಲ್ಲಿ ಈ ಧ್ಯಾನ ಉದ್ದ, ಬೇಸಿಗೆಯಲ್ಲಿ ಗಿಡ್ಡ ಎಂಬುದನ್ನೂ ಜನ ಗಮನಿಸಿದ್ದರು. ತಪಸ್ಸಿಗೆ ಚಳಿಗಾಲವೇ ಒಳ್ಳೆಯದು ಎಂದು ತಿಳಿದವರು ಅದನ್ನೂ ಬಗೆಹರಿಸಿಬಿಟ್ಟರು. ಗಜಾನನನನ್ನೇ ಕೇಳಿದರೆ ನಕ್ಕು ಬೈಕ್ ಹತ್ತುತ್ತಿದ್ದ. ಅವನು ಹಿಡಿದ ದನ ಗಬ್ಬ ನಿಲ್ಲುತ್ತಿತ್ತು. ಅಷ್ಟು ಸಾಕಿತ್ತು ಜನರಿಗೆ.

ಇಂಥ ಮಹಾಪುರುಷನಿಗೆ ಒಬ್ಬ ಶತ್ರುವಿದ್ದ. ಚಳಿ.

ದನಗಳಿಗೆ ಮನುಷ್ಯರ ಮೇಲೆ ಕರುಣೆಯಿಲ್ಲ. ಬೆದೆಗೆ ಬಂದು ಸಂಜೆ ಕೂಗಲು ಶುರುಮಾಡಿದ ದನಕ್ಕೆ ಮರುದಿನ ಬೆಳಗ್ಗೆಯೇ ಚಿಕಿತ್ಸೆ ಆಗಬೇಕು. ಧನುರ್ಮಾಸದಲ್ಲಿ ಈ ಸೀಮೆಯ ಬೆಳಗು ಎಂದರೆ ಬೈಕಿನ ಹೆಡ್‌ಲೈಟು ತನ್ನ ಮೂಗನ್ನೇ ಕಾಣದಷ್ಟು ಮಂಜು. ಗಜಾನನ ಬನಿಯನ್, ಅಂಗಿ, ಸ್ವೆಟರ್, ಅದರ ಮೇಲೆ ಮಳೆಗಾಲದ ಕೋಟು ಹಾಕಿಕೊಂಡು ಹೊರಡುತ್ತಿದ್ದ. ಗಾಳಿ ಇಷ್ಟನ್ನೂ ಸರದಿಯಲ್ಲಿ ದಾಟಿ ಬಂದು ಎದೆಯ ಮೇಲೆ ಕೂರುತ್ತಿತ್ತು. ಇದು ಸಾಲದು ಎಂಬಂತೆ ಬೈಕಿನ ಹಿಂದೆ ನೈಟ್ರೋಜನ್ ಕ್ಯಾನು. ವೀರ್ಯದ ಕಡ್ಡಿಗಳನ್ನು ಕಾಪಾಡುವ ಆ ದ್ರವ ಇಡೀ ಜಿಲ್ಲೆಯಲ್ಲೇ ಅತಿ ತಣ್ಣಗಿನ ವಸ್ತು; ಬೆರಳು ಅದ್ದಿದರೆ ಬೆರಳು ಹೋಗುತ್ತದೆ. ಊರೆಲ್ಲ ಚಳಿಯಿಂದ ಓಡಿ ಕಂಬಳಿಯೊಳಗೆ ಸೇರಿದ್ದಾಗ ಇವನೊಬ್ಬ ಚಳಿಯನ್ನೇ ಹಗ್ಗ ಹಾಕಿ ಕಟ್ಟಿ, ಹಿಂದೆ ಕೂರಿಸಿಕೊಂಡು ಊರೂರು ತಿರುಗುತ್ತಿದ್ದ.

ಈ ತಪಸ್ಸಿಗೆಲ್ಲ ಅವನಿಗೆ ಸಿಗುತ್ತಿದ್ದ ವರ ಒಂದೇ. ಅದು ಹೊಸನಗರದ ಹತ್ತಿರದ ಅತ್ತೆ ಮನೆಯಲ್ಲಿ ಬಚ್ಚಲೊಲೆಯ ಮುಂದಿನ ಮಣೆ.

ಅತ್ತೆ ಹೂವಮ್ಮನ ಮನೆಯಲ್ಲಿ ಚಳಿಗಾಲದ ಬೆಳಿಗ್ಗೆ ಬದುಕು ನಡೆಯುವುದೆಲ್ಲ ಬಚ್ಚಲಲ್ಲಿ. ಹಂಡೆಯ ಕೆಳಗೆ ಮರದ ದೊಡ್ಡ ಕುಂಟೆ ಉರಿಯುತ್ತಿರುತ್ತದೆ. ಅದರ ಎದುರಿಗೆ ಒಂದೇ ಒಂದು ಹಲಸಿನ ಮಣೆ. ಯಾರು ಹೆಚ್ಚು ಚಳಿ ತಿಂದು ಬಂದಿದ್ದಾರೋ ಅವರಿಗೆ ಆ ಮಣೆ. ಇದು ಹೂವಮ್ಮನ ಕಾನೂನು. ಮದುವೆಯಾದಾಗಿನಿಂದ ಆ ಮಣೆ ದೊಡ್ಡ ಅಳಿಯ ಗಜಾನನನದು.

"ಅಯ್ಯೋ, ತುಟಿ ನೋಡೇ ತನುಜಾ, ನೇರಳೆಹಣ್ಣು ತಿಂದಂಗೆ ಆಗಿದೆ. ಬನ್ನಿ ಬನ್ನಿ, ಒಲೆ ಮುಂದೆ ಕೂತ್ಕಳಿ" ಎಂದು ಹೂವಮ್ಮ ಮಗಳಿಗೂ ಅಳಿಯನಿಗೂ ಅಂದರೆ, ಮಾವ ಜಯಪ್ಪನೇ ಎದ್ದು ಜಾಗ ಬಿಡುತ್ತಿದ್ದರು. ಮೊದಲ ಲೋಟ ಕಾಫಿ, ಹಬೆಯಿಂದ ಇಳಿಸಿದ ಮೊದಲ ಕಡುಬು, ಹಂಡೆಯ ಮೊದಲ ಬಿಸಿನೀರು. ಇಡೀ ಮನೆ ಸುತ್ತ ಕೂತು ಅವನ ದಾರಿಯ ಕಥೆ ಕೇಳುತ್ತಿತ್ತು. ಎಷ್ಟು ಮಂಜಿತ್ತು, ಕಾಟಿ, ಅಂದರೆ ಕಾಡುಕೋಣ, ಎಲ್ಲಿ ಅಡ್ಡ ಬಂತು, ಕೈ ಎಲ್ಲಿ ಸೆಟೆದುಹೋಯಿತು. ಕಾಟಿ ಒಂದೊಂದು ವರ್ಷ ಒಂದೊಂದು ಕಡೆ ಅಡ್ಡ ಬರುತ್ತಿತ್ತು, ಅಡ್ಡ ಬಾರದ ವರ್ಷವೂ ಬರುತ್ತಿತ್ತು. ರಾಜರಿಗೆ ಸಿಂಹಾಸನ ಇರುವ ಹಾಗೆ ಗಜಾನನನಿಗೆ ಆ ಮಣೆ. ಅದು ತಪ್ಪಿದರೆ ತಾನು ಆ ಮನೆಯಲ್ಲಿ ಬರೀ ದನದ ಡಾಕ್ಟ್ರು, ಅದೂ ಅರ್ಧ ಡಾಕ್ಟ್ರು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ಬಂದ ಇಕ್ಕೇರಿಯ ಹರ್ಷವರ್ಧನ.

ತನುಜಾಳ ತಂಗಿ ಭವ್ಯಶ್ರೀಯ ಗಂಡ. ಎಂದರೆ ಗಜಾನನನ ಷಡ್ಡಕ. ಸಾಗರದ ಒಂದು ಬೈಕ್ ಶೋರೂಮಿನಲ್ಲಿ ಕೆಲಸ. ಭಾನುವಾರ ಬಂದರೆ ಗೆಳೆಯರ ಜೊತೆ ರೈಡು. ಗಜಾನನನಿಗೆ ಬೈಕ್ ಓಡಿಸುವುದು ಹೊಟ್ಟೆಪಾಡು, ಹರ್ಷವರ್ಧನನಿಗೆ ಹವ್ಯಾಸ. ಎಲ್ಲಿಗೂ ಹೋಗುವ ಕೆಲಸವಿಲ್ಲದೆ ಬೈಕ್ ಹತ್ತುವ ಮನುಷ್ಯನನ್ನು ಗಜಾನನ ಅಲ್ಲಿಯವರೆಗೆ ಕರುಣೆಯಿಂದ ನೋಡುತ್ತಿದ್ದ.

ಆ ಭಾನುವಾರ ಹೂವಮ್ಮ ಇಬ್ಬರು ಮಕ್ಕಳನ್ನೂ ಅಳಿಯಂದಿರನ್ನೂ ಕಡುಬಿಗೆ ಕರೆದಿದ್ದಳು. ಗಜಾನನ ತನುಜಾಳನ್ನು ಹಿಂದೆ ಕೂರಿಸಿಕೊಂಡು ಬಂದು, ನೇರಳೆ ತುಟಿಯೊಂದಿಗೆ ಮಣೆ ಏರಿ, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಈ ವರ್ಷದ ಕಾಟಿಯನ್ನು ಯಾವ ತಿರುವಿನಲ್ಲಿ ನಿಲ್ಲಿಸಬೇಕೆಂದು ಯೋಚಿಸುತ್ತಿದ್ದ. ಆಗ ಅಂಗಳದಲ್ಲಿ ದೊಡ್ಡ ಬೈಕಿನ ಗುಡುಗು ಕೇಳಿತು. ಹರ್ಷವರ್ಧನ ಇಳಿದು ಬಂದ. ಅವನ ತುಟಿ ಕೆಂಪಗಿತ್ತು. ಕೈ ಉಜ್ಜಲಿಲ್ಲ. ಮೂಗು ಸೋರಲಿಲ್ಲ. ಎದೆಯ ಮೇಲೆ ಒಂದು ಗುಂಡಿ, ಆ ಗುಂಡಿಯೊಳಗೆ ಕೆಂಪು ದೀಪ.

"ಎಂತದೋ ಅದು, ಎದೆ ಮೇಲೆ ಲೈಟು?" ಎಂದರು ಜಯಪ್ಪ.

"ಹೀಟೆಡ್ ಜಾಕೆಟ್ ಮಾವ. ಒಳಗೆ ಹೀಟರ್ ಇದೆ, ಬ್ಯಾಟರೀಲಿ ನಡೀತದೆ. ಕೆಂಪು ಅಂದ್ರೆ ಫುಲ್ಲು."

"ಅಮ್ಮಾ, ಮುಟ್ಟಿ ನೋಡು ಬಾ" ಎಂದಳು ಭವ್ಯಶ್ರೀ. "ದಾರೀಲಿ ನಾನು ಇವ್ರ ಬೆನ್ನಿಗೆ ಅಂಟ್ಕಂಡೇ ಬಂದೆ. ಒಲೆ ಪಕ್ಕ ಕೂತಂಗೆ ಇತ್ತು."

ಹೂವಮ್ಮ ಮುಟ್ಟಿದಳು. ಜಯಪ್ಪ ಮುಟ್ಟಿದರು. ಪಕ್ಕದ ಮನೆಯ ಪುಟ್ಟಪ್ಪ ಬೇಲಿ ದಾಟಿ ಬಂದು ಎರಡೂ ಅಂಗೈಯನ್ನು ಹರ್ಷವರ್ಧನನ ಬೆನ್ನಿಗೆ ಒತ್ತಿ, "ದೋಸೆ ಹೊಯ್ಯಬಹುದಲ್ಲ ಮಾರಾಯ" ಎಂದ. ಹೂವಮ್ಮ ತನ್ನ ನೋವಿನ ಮಂಡಿಯನ್ನೇ ಆ ಜಾಕೆಟಿಗೆ ತಾಗಿಸಲು ನೋಡಿ, ಎತ್ತರ ಸಾಲದೆ ಅಳಿಯನನ್ನು ಜಗಲಿಯ ಕೆಳಗೆ ನಿಲ್ಲಿಸಿ, ತಾನು ಮೇಲೆ ಕೂತು ತಾಗಿಸಿದಳು. ಕೊನೆಗೆ ತನುಜಾಳೂ, "ಒಂಚೂರು ನೋಡ್ಕಂಡು ಬರ್ತೀನಿ" ಎಂದು ಬಚ್ಚಲಿನಿಂದ ಎದ್ದು ಹೋದಳು. ಹೋದವಳು ಬರಲೇ ಇಲ್ಲ. ಅವಳು ಹೊಲಿಗೆ ಮಾಡುವವಳು. ಜಾಕೆಟಿನ ಒಳಮೈ ತಿರುಗಿಸಿ, ಹೀಟರನ್ನು ಯಾವ ಪದರದಲ್ಲಿ ಇಟ್ಟು ಹೊಲಿದಿದ್ದಾರೆ ಎಂದು ನೋಡುತ್ತ ಮೈಮರೆತಿದ್ದಳು.

ಗಜಾನನ ಮಣೆಯ ಮೇಲೆ ಒಬ್ಬನೇ ಕೂತಿದ್ದ. ಸಿಂಹಾಸನ ಅವನ ಕೆಳಗೇ ಇತ್ತು, ರಾಜ್ಯ ಮಾತ್ರ ಎದ್ದು ಅಂಗಳಕ್ಕೆ ಹೋಗಿತ್ತು. ಕಾಫಿ ಆರಿತು. ಕಾಟಿಯ ಬಗ್ಗೆ ಯಾರೂ ಕೇಳಲಿಲ್ಲ. ಅದು ತನ್ನ ತಿರುವಿನಲ್ಲಿ ಕಾದು ಕಾದು ಕಾಡಿಗೆ ವಾಪಸ್ಸಾಯಿತು.

ಹರ್ಷವರ್ಧನ ಕೆಟ್ಟವನಲ್ಲ. ಅದೇ ದೊಡ್ಡ ಕಷ್ಟ. ಒಳಗೆ ಬಂದು, ಜಾಕೆಟ್ ಬಿಚ್ಚಿ, ಚಾಚಿ ಹಿಡಿದು, "ಅಣ್ಣಾ, ನೀವೂ ಒಂದ್ಸಲ ಹಾಕ್ಕಂಡು ನೋಡಿ" ಎಂದ.

"ಬೇಡ ಮಾರಾಯ. ನಂಗೆಂತ ಚಳಿ? ಅಭ್ಯಾಸ ಆಗಿದೆ" ಎಂದ ಗಜಾನನ. ಹೇಳುವಾಗ ಹಲ್ಲು ಕಟಕಟ ಎಂದಿದ್ದರಿಂದ 'ಅಭ್ಯಾಸ' ಎಂಬ ಪದ ಮೂರು ತುಂಡಾಗಿ ಹೊರಗೆ ಬಂತು.

ಆ ದಿನದಿಂದ ಗಜಾನನನಿಗೆ ಲೋಕವೆಲ್ಲ ಬೆಚ್ಚಗೆ ಕಾಣತೊಡಗಿತು. ತಾನೊಬ್ಬನನ್ನು ಬಿಟ್ಟು. ಒಲೆಬೂದಿಯಲ್ಲಿ ಮಲಗಿದ ನಾಯಿಯನ್ನು ನೋಡಿದರೆ ಹೊಟ್ಟೆ ಉರಿಯಿತು. ಕೋಳಿಯ ರೆಕ್ಕೆಯಡಿ ಸೇರಿದ ಮರಿಗಳನ್ನು ನೋಡಿದರೆ ಉರಿಯಿತು. ಹಬೆಯಲ್ಲಿ ಬೇಯುತ್ತಿದ್ದ ಕಡುಬನ್ನು ನೋಡಿ, ಎಷ್ಟು ಪುಣ್ಯ ಮಾಡಿತ್ತೋ ಎಂದುಕೊಂಡ. ಮಂಜಿನಲ್ಲಿ ಎದುರು ಬರುವ ಪ್ರತಿ ಬೈಕಿನವನ ಎದೆಯ ಮೇಲೆ ಕೆಂಪು ದೀಪ ಇದೆಯೋ ಎಂದು ನೋಡುತ್ತ ಒಂದು ಸಲ ಚರಂಡಿಗೆ ಹೋಗುವುದರಲ್ಲಿದ್ದ. ಫೋನಿನಲ್ಲಿ ಆ ಜಾಕೆಟಿನ ಬೆಲೆ ಹುಡುಕಿದ. ಅಷ್ಟಕ್ಕೆ ಒಳ್ಳೇ ಜಾತಿಯ ಹೆಣ್ಣುಗರು ಬರುತ್ತದೆ. ಕರುವಾದರೆ ನಾಳೆ ಹಾಲು ಕೊಟ್ಟೀತು, ಜಾಕೆಟ್ ಏನು ಕೊಡುತ್ತದೆ? ಹೀಗೆ ತನಗೆ ತಾನೇ ಹೇಳಿಕೊಂಡು, ಹೇಳಿಕೊಂಡ ಮೇಲೆ ಜಾಕೆಟಿನ ಫೋಟೋವನ್ನು ಇನ್ನೊಂದು ಸಲ ದೊಡ್ಡದು ಮಾಡಿ ನೋಡಿದ.

"ತಗಳ್ಳಿ ಒಂದು. ಜೀವಕ್ಕಿಂತ ದುಡ್ಡು ದೊಡ್ಡದಾ?" ಎಂದಳು ತನುಜಾ, ಯಾರದೋ ರವಿಕೆಯ ತೋಳು ಕೂಡಿಸುತ್ತ.

"ಬೇಕಿಲ್ಲ. ಅವ್ನು ತಗಂಡಿದಾನೆ ಅಂತ ನಾನೂ ತಗಂಡೆ ಅಂತಾರೆ."

"ಸರಿ, ಬಿಡಿ. ಇಷ್ಟು ಹೊಟ್ಟೆಕಿಚ್ಚು ಇದ್ದೋರಿಗೆ ಜಾಕೆಟ್ ಬೇರೆ ಯಾಕೆ?"

ಗಜಾನನ ಫೋನ್ ಜೇಬಿಗೆ ಹಾಕಿದ. ಅವನ ತಲೆಯಲ್ಲಿ ಆಗಲೇ ಒಂದು ದೊಡ್ಡ ಯೋಚನೆ ಏಳುತ್ತಿತ್ತು. ಹರ್ಷವರ್ಧನ ಜಾಕೆಟ್ ಕೊಂಡವನು. ತಾನು ಮಾಡುವವನಾಗಬೇಕು. ಖರ್ಚಿಲ್ಲದೆ, ಮನೆಯಲ್ಲಿದ್ದದ್ದರಲ್ಲಿ, ಸ್ವಂತ ಬುದ್ಧಿಯಿಂದ. ಮನೆಯಲ್ಲಿ ಏನಿದೆ? ಹಂಡೆಯ ತುಂಬ ಬಿಸಿನೀರು ಇದೆ. ಪೆಟ್ಟಿಗೆಯ ತುಂಬ ಭುಜದುದ್ದದ ಪ್ಲಾಸ್ಟಿಕ್ ಕೈಗವಸು ಇದೆ.

ಇಂಥ ಯೋಚನೆ ಅವನ ಕಸುಬಿನವರಿಗೆ ಬಿಟ್ಟು ಬೇರೆ ಯಾರಿಗೂ ಬರಲು ಸಾಧ್ಯವಿಲ್ಲ. ಮರುದಿನ ಬೆಳಗ್ಗೆ ಗಜಾನನ ಕೈಗವಸುಗಳಿಗೆ ಬಿಸಿನೀರು ತುಂಬಿ, ಬಾಯಿಗೆ ದಾರ ಬಿಗಿದು, ಎದೆಗೆ ಎರಡು ಬೆನ್ನಿಗೆ ಎರಡು ಇಟ್ಟು, ಮೇಲೆ ತನುಜಾಳ ಹಳೇ ಸೀರೆ ಸುತ್ತಿಕೊಂಡ. ಹೊರಟಾಗ ಮೈ ತುಂಬ ಬುಳುಬುಳು ಸದ್ದು. ಆದರೆ ಆ ಸುಖ! ಬೆಚ್ಚನೆಯ ಐದೈದು ಬೆರಳುಗಳು ಎದೆಯನ್ನೂ ಬೆನ್ನನ್ನೂ ತಬ್ಬಿಕೊಂಡಿದ್ದವು. ಮಂಜು ಬಂತು, ಗಾಳಿ ಬಂತು, ಗಜಾನನ ನಕ್ಕ. ದಾರಿಯ ಹಂಪುಗಳನ್ನು ಗರ್ಭಿಣಿಯನ್ನು ಕೂರಿಸಿಕೊಂಡವನ ಹಾಗೆ ಹುಷಾರಾಗಿ ದಾಟಿ, ಯಮುನಮ್ಮ ಎಂಬ ಮುದುಕಿಯ ಮನೆಯ ಕೊಟ್ಟಿಗೆಗೆ ಬಂದ.

ಕೋಟು ಬಿಚ್ಚಿ, ದನದ ಹಿಂದೆ ಬಗ್ಗಿದಾಗ ಸೀರೆಯ ಸುತ್ತು ಸಡಿಲವಾಯಿತು. ಅಂಗಿಯ ಸಂದಿನಿಂದ ಬಿಸಿನೀರು ತುಂಬಿದ ಐದು ಬೆರಳುಗಳು ದುಂಡಗೆ ಹೊರಗೆ ಇಣುಕಿದವು. ಪಕ್ಕದಲ್ಲಿ ಕಟ್ಟಿದ್ದ, ಬೆಳಗಿನ ಹಾಲು ಇನ್ನೂ ಸಿಗದ ಕರುವೊಂದು ಇದನ್ನು ನೋಡಿತು. ಬೆಚ್ಚಗಿದೆ, ಮೆತ್ತಗಿದೆ, ತೂಗುತ್ತಿದೆ. ಕರುವಿಗೆ ಇನ್ನೇನು ಪುರಾವೆ ಬೇಕು? ಚಂಗನೆ ಬಂದು ನಡುಬೆರಳಿಗೇ ಬಾಯಿ ಹಾಕಿತು. ಗಜಾನನನ ಎಡಗೈ ದನದೊಳಗೆ, ಬಲಗೈಯಲ್ಲಿ ಕೊಳವೆ. ಓಡಿಸಲು ಮೂರನೆಯ ಕೈಯಿಲ್ಲ. "ಹಚಾ, ಹಚಾ" ಎಂದ. ಕರು ಇನ್ನೂ ಪ್ರೀತಿಯಿಂದ ಜಗ್ಗಿ, ತಲೆಯಿಂದ ಒಂದು ಗುದ್ದು ಕೊಟ್ಟಿತು. ಹಾಲು ಇಳಿಯಲೆಂದು ಕರುಗಳು ಕೆಚ್ಚಲಿಗೆ ಗುದ್ದುವ ಹಾಗೆ.

ಇಳಿಯಿತು. ಒಟ್ಟಿಗೇ ಇಳಿಯಿತು.

"ಡಾಕ್ಟ್ರೇ" ಎಂದಳು ಯಮುನಮ್ಮ, ಸೆರಗು ಬಾಯಿಗೆ ಒತ್ತಿಕೊಂಡು, "ನಿಮ್ಗೆ ಕೆಚ್ಚಲು ಬಂದಿದ್ದು ಯಾವಾಗ?"

ಗಜಾನನ ಹೊಟ್ಟೆಯಿಂದ ಕೆಳಗೆ ಪೂರ್ತಿ ನೆನೆದು ಮನೆಗೆ ಬಂದ. ಒದ್ದೆ ಬಟ್ಟೆಯಲ್ಲಿ ಮಂಜಿನೊಳಗೆ ಬೈಕ್ ಓಡಿಸಿದರೆ ಏನಾಗುತ್ತದೆಂದು ಆ ದಿನ ಅವನ ಪ್ರತಿ ಮೂಳೆಗೂ ಬೇರೆಬೇರೆಯಾಗಿ ತಿಳಿಯಿತು. ಸುದ್ದಿ ಅವನಿಗಿಂತ ಮೊದಲು ಮೇಳಿಗೆ ಮುಟ್ಟಿತ್ತು. ಸಂಜೆಯೊಳಗೆ ಹೊಸನಗರ ದಾಟಿ ಸಾಗರಕ್ಕೆ ಹೋಗಿತ್ತು. ಹರ್ಷವರ್ಧನ ಫೋನ್ ಮಾಡಿ, "ಅಣ್ಣಾ, ಆರಾಮಾ?" ಎಂದು ಮಾತ್ರ ಕೇಳಿದ. ಆ ಕರುಣೆಯನ್ನು ತಾಳುವುದು ಚಳಿ ತಾಳುವುದಕ್ಕಿಂತ ಕಷ್ಟವಾಯಿತು.

ಆಗ ತನುಜಾ ಕೈಯಲ್ಲಿದ್ದ ರವಿಕೆಗಳನ್ನು ಪಕ್ಕಕ್ಕಿಟ್ಟಳು.

"ನೀವಿನ್ನು ಸುಮ್ನಿರಿ. ನಾ ಹೊಲಿತೀನಿ" ಎಂದಳು. ಅವಳಿಗೂ ಒಂದು ಕಾರಣವಿತ್ತು. ಫೋನ್ ಮಾಡಿದಾಗಲೆಲ್ಲ ಭವ್ಯಶ್ರೀ "ನಮ್ಮನೆಯವ್ರ ಜಾಕೆಟ್ಟು" ಎಂದೇ ಮಾತು ಶುರು ಮಾಡುತ್ತಿದ್ದಳು. ಅಕ್ಕನ ಹೊಟ್ಟೆಯೂ ತಣ್ಣಗಿರಲಿಲ್ಲ.

ಸೊಂಟನೋವಿಗೆ ಕಟ್ಟಿಕೊಳ್ಳುವ, ಪವರ್ ಬ್ಯಾಂಕಿಗೆ ಸಿಕ್ಕಿಸಿದರೆ ಬಿಸಿಯಾಗುವ ಬಟ್ಟೆಯ ಪಟ್ಟಿಗಳು ಫೋನಿನಲ್ಲಿ ತರಿಸಿದರೆ ಅಗ್ಗಕ್ಕೆ ಸಿಗುತ್ತವೆ. ಅಂಥವನ್ನು ತರಿಸಿದಳು. ಅಟ್ಟದಲ್ಲಿ ಗಜಾನನನ ಅಪ್ಪ ಮಳೆಗಾಲದಲ್ಲಿ ಗದ್ದೆಗೆ ಹೊದ್ದುಕೊಂಡು ಹೋಗುತ್ತಿದ್ದ ಕರಿ ಕಂಬಳಿ ಇತ್ತು. ಅದನ್ನು ಕತ್ತರಿಸಿ ತೋಳಿಲ್ಲದ ಅಂಗಿ ಮಾಡಿದಳು. ತೋಳು ಯಾಕಿಲ್ಲ ಎಂದರೆ, ಎಡಗೈಗೆ ಕೊಟ್ಟಿಗೆಯಲ್ಲಿ ಕೆಲಸ ಇರುತ್ತದಲ್ಲ. ಒಳಗೆ ಹಳೇ ಕಾಟನ್ ಸೀರೆಯ ಪದರ, ಎರಡರ ನಡುವೆ ಎದೆಗೊಂದು ಬೆನ್ನಿಗೊಂದು ಬಿಸಿ ಪಟ್ಟಿ, ಸೊಂಟದ ಬಳಿ ಪವರ್ ಬ್ಯಾಂಕಿಗೆ ಜಿಪ್ ಹಾಕಿದ ಜೇಬು. ಕಂಬಳಿಗೆ ಮಷೀನಿನ ಸೂಜಿ ಎರಡು ಸಲ ಮುರಿದು, ಕೊನೆಗೆ ದಬ್ಬಳದಲ್ಲಿ ಕೈಯಿಂದಲೇ ಹೊಲಿದಳು. ದೀಪ ಮಾತ್ರ ಇರಲಿಲ್ಲ. ಗಜಾನನ ಒಂದು ಕೆಂಪು ಗುಂಡಿಯನ್ನಾದರೂ ಎದೆಯ ಮೇಲೆ ಹೊಲಿ ಎಂದು ಕೇಳಿದ. ರವಿಕೆಯದೊಂದು ಕೆಂಪು ಗುಂಡಿ ಹುಡುಕಿ ಅದನ್ನೂ ಹೊಲಿದಳು.

ನೋಡಲು ಅದು ಕರಡಿಯೊಂದು ಅರ್ಧಕ್ಕೆ ಬಿಟ್ಟುಹೋದ ಚರ್ಮದಂತಿತ್ತು. ಕತ್ತು ಕೆರೆಯುತ್ತಿತ್ತು. ಮಂಜಿನ ತೇವ ತಾಗಿದರೆ ಹಳೇ ಕುರಿಮಂದೆಯ ವಾಸನೆ ಏಳುತ್ತಿತ್ತು. ಆದರೆ ಬೆಚ್ಚಗಿತ್ತು! ಗಾಳಿ ಕಂಬಳಿಯನ್ನು ದಾಟಲಾರದು, ಒಳಗಿನ ಬಿಸಿ ಹೊರಗೆ ಹೋಗಲಾರದು. ಗಜಾನನ ಅದನ್ನು ತೊಟ್ಟು ಮೊದಲ ಸಲ ತೀರ್ಥಹಳ್ಳಿಯ ತನಕ ಹೋಗಿ ಬಂದು, ಅಂಗಳದಲ್ಲಿ ಬೈಕ್ ನಿಲ್ಲಿಸಿ, ಇಳಿಯದೆ ಹಾಗೇ ಕೂತು ನಕ್ಕ. ಹುಟ್ಟಿನಿಂದ ಕವಚ ತೊಟ್ಟವನಿಗೂ ಅಷ್ಟು ಹೆಮ್ಮೆ ಇದ್ದಿರಲಾರದು.

ಇನ್ನು ಬೇಕಾಗಿದ್ದದ್ದು ಯುದ್ಧ. ಅದನ್ನು ಹೂವಮ್ಮನ ದನವೇ ಒದಗಿಸಿತು.

ಅಲ್ಲಿಯ ಡಾಕ್ಟ್ರು ಎರಡು ಸಲ ಪ್ರಯತ್ನ ಮಾಡಿದರೂ ಹೂವಮ್ಮನ ದನ ಗಂಗೆ ಗಬ್ಬ ನಿಂತಿರಲಿಲ್ಲ. ಇನ್ನೊಂದು ಕಡುಬಿನ ಭಾನುವಾರಕ್ಕೆ ತನುಜಾ ಹಿಂದಿನ ದಿನವೇ ಬಸ್ಸಿನಲ್ಲಿ ತವರಿಗೆ ಹೋಗಿದ್ದಳು. ಆ ಸಂಜೆ ಗಂಗೆ ಕೂಗಲು ಶುರು ಮಾಡಿತು. ಹೂವಮ್ಮ ತಾನೇ ಫೋನ್ ಹಿಡಿದಳು.

"ನಾಳೆ ಹೆಂಗೂ ಬರ್ತೀರಲ್ಲ, ಆ ಕ್ಯಾನೂ ಹಿಡ್ಕಂಡು ಬನ್ನಿ. ಈ ಸಲ ನಿಮ್ಮ ಕೈಲೇ ಆಗ್ಬೇಕು. ಹರ್ಷನೂ ಬರ್ತಾನೆ."

ಕೊನೆಯ ಮಾತು ಹೇಳದಿದ್ದರೂ ಗಜಾನನ ಬರುತ್ತಿದ್ದ. ಹೇಳಿದ್ದರಿಂದ ಹಾರಿ ಬಂದ.

ದಾರಿಯುದ್ದಕ್ಕೂ ಅವನು ನಡೆಯಲಿರುವುದನ್ನು ಮನಸ್ಸಿನಲ್ಲಿ ನಡೆಸಿ ನೋಡಿದ. ಅಂಗಳದಲ್ಲಿ ಇಳಿಯುತ್ತೇನೆ. ಕೈ ಉಜ್ಜುವುದಿಲ್ಲ. ಅತ್ತೆ ಬಂದು ಮುಟ್ಟುತ್ತಾರೆ. ಮಾವ ಮುಟ್ಟುತ್ತಾರೆ. "ಮನೇಲೇ ಮಾಡಿದ್ದು, ಖರ್ಚೇ ಇಲ್ಲ" ಎನ್ನುತ್ತೇನೆ. ಹರ್ಷವರ್ಧನ ತನ್ನ ಜಾಕೆಟಿನ ಬೆಲೆ ನೆನೆದು ತಲೆ ತಗ್ಗಿಸುತ್ತಾನೆ. ಆಮೇಲೆ ಎಲ್ಲರಿಂದ ಮುಟ್ಟಿಸಿಕೊಂಡು ಮಣೆಯ ಮೇಲೆ ಕೂರುತ್ತೇನೆ.

ಅಂಗಳದಲ್ಲಿ ಇಳಿದ. ಕೈ ಉಜ್ಜಲಿಲ್ಲ. ಯಾರೂ ಬರಲಿಲ್ಲ.

ಮನೆಯವರೆಲ್ಲ ಬಚ್ಚಲಲ್ಲಿದ್ದರು. ಒಲೆಯ ಮುಂದೆ, ಆ ಮಣೆಯ ಮೇಲೆ, ಹರ್ಷವರ್ಧನ ಮುದುಡಿ ಕೂತಿದ್ದ. ತುಟಿ ನೇರಳೆ. ಮೂಗಿನಿಂದ ನೀರು. ಹಲ್ಲು ಕಟಕಟ. ಇಕ್ಕೇರಿಯಲ್ಲಿ ಲೈನ್ ರಿಪೇರಿಗೆಂದು ಕರೆಂಟ್ ತೆಗೆದಿದ್ದರಿಂದ ಬ್ಯಾಟರಿ ಚಾರ್ಜಾಗಿರಲಿಲ್ಲ. ಅವನ ಜಾಕೆಟು ಅರ್ಧ ದಾರಿಯಲ್ಲಿ ಕೆಂಪಿನಿಂದ ನೀಲಿಗೆ ಇಳಿದು, ನೀಲಿಯಿಂದ ಕತ್ತಲಾಗಿತ್ತು. ಬಿಸಿ ಹೋದ ಮೇಲೆ ಅದು ಬರೀ ತೆಳುವಾದ ಕೋಟು.

"ಪಾಪ, ನೋಡಿ ನಿಮ್ಮ ತಮ್ಮನ ಅವಸ್ಥೆ" ಎಂದಳು ಹೂವಮ್ಮ, ಮೊದಲ ಲೋಟ ಕಾಫಿಯನ್ನು ಹರ್ಷವರ್ಧನನ ಕೈಗೆ ಕೊಡುತ್ತ. "ಮಂಜಲ್ಲಿ ಎಂತ ಕಷ್ಟಪಟ್ಟು ಬಂದಿದಾನೆ ಕೇಳಿ."

"ಅಣ್ಣಾ, ಆ ತಿರುವಲ್ಲಿ ಒಂದು ಕಾಟಿ ಅಡ್ಡ ಬಂತು ನೋಡಿ" ಎಂದ ಹರ್ಷವರ್ಧನ.

ಗಜಾನನನ ಕಾಟಿ! ಅಷ್ಟು ವರ್ಷ ಸಾಕಿ ಬೆಳೆಸಿದ ಕಾಟಿ ಕೂಡ ಷಡ್ಡಕನ ಪಕ್ಷ ಸೇರಿತ್ತು. ಎಲ್ಲರೂ ಬಾಯಿ ತೆರೆದು ಕೇಳುತ್ತಿದ್ದರು. ಗಜಾನನ ಬಾಗಿಲಲ್ಲಿ ನಿಂತಿದ್ದ, ಮೈ ತುಂಬ ಬೆಚ್ಚಗೆ, ಯಾರಿಗೂ ಬೇಡದವನಾಗಿ. ತಾನು ನಡುಗುತ್ತಿದ್ದಾಗ ಜನ ಬೆಚ್ಚಗಿದ್ದವನ ಹಿಂದೆ ಹೋದರು. ತಾನು ಬೆಚ್ಚಗಾದಾಗ ನಡುಗುವವನ ಹಿಂದೆ ಹೋದರು. ಅಷ್ಟು ಕಷ್ಟಪಟ್ಟು ಗೆದ್ದ ಚಳಿಯನ್ನು ಈಗ ವಾಪಸ್ ಕೊಟ್ಟರೆ ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಿದ್ದ.

"ಅಮ್ಮಾ, ಇವ್ರು ಹಾಕಿದ್ದನ್ನ ನೋಡು. ನಾನೇ ಹೊಲಿದಿದ್ದು" ಎಂದಳು ತನುಜಾ. ಅವಳಿಂದ ಇನ್ನು ತಡೆಯಲಾಗಲಿಲ್ಲ.

ಹೂವಮ್ಮ ಎದ್ದು ಬಂದಳು. ಮುಟ್ಟಿದಳು. ಅವಳ ಮುಖ ಅರಳಿತು. ಗಜಾನನನ ಎದೆ ಕಂಬಳಿಯೊಳಗೆ ಉಬ್ಬಿತು.

"ಅಯ್ಯೋ, ಎಷ್ಟು ಬೆಚ್ಚಗಿದೆ! ಅವ್ನ ಜಾಕೆಟ್ಟಿಗಿಂತ ಇದೇ ವಾಸಿ, ನಮ್ಮ ಕಂಬ್ಳಿ ಅಲ್ವಾ. ಬಿಚ್ಚಿ ನೋಡುವ. ಹೆಂಗೂ ದನದ ಕೆಲಸಕ್ಕೆ ಬಿಚ್ಚಬೇಕಲ್ಲ ನೀವು."

ಗಜಾನನ ಬಿಚ್ಚಿ ಕೊಟ್ಟ. ಹೂವಮ್ಮ ಅಲ್ಲೇ ಕೂತು, ಅದನ್ನು ಎರಡೂ ಮಂಡಿಗೆ ಸುತ್ತಿ, ಪವರ್ ಬ್ಯಾಂಕನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು.

"ಆಹಾ. ಇದು ನಂಗೇ ಇರ್ಲಿ. ತನುಜಾ ನಿಮ್ಗೆ ಇನ್ನೊಂದು ಹೊಲಿತಾಳೆ."

ತನುಜಾ ಗಂಡನ ಮುಖ ನೋಡಿದಳು. ಗಂಡ ಮಣೆ ನೋಡಿದ. ಮಣೆಯ ಮೇಲೆ ಹರ್ಷವರ್ಧನ ಕಾಟಿಯ ಕೊಂಬು ಎಷ್ಟು ಅಗಲ ಇತ್ತೆಂದು ಕೈ ಚಾಚಿ ತೋರಿಸುತ್ತಿದ್ದ. ಗಜಾನನ ತೋಳಿಲ್ಲದ ಬನಿಯನ್ನಿನ ಮೇಲೆ ಅಂಗಿ ಸರಿಮಾಡಿಕೊಂಡು, ಕ್ಯಾನು ಎತ್ತಿಕೊಂಡು ಹಿತ್ತಿಲಿಗೆ ಹೋದ. ಕವಚವೂ ಹೋಯಿತು, ಸಿಂಹಾಸನವೂ ಹೋಯಿತು. ಹೊಟ್ಟೆ ಉರಿಯುತ್ತಿದ್ದರೂ ಮೈ ಮಾತ್ರ ನಡುಗುತ್ತಿತ್ತು. ಅತ್ತೆಯ ಮಂಡಿಯ ಮೇಲೂ ಅಸೂಯೆಪಡುವ ಕಾಲ ಬಂತಲ್ಲ ಎಂದುಕೊಂಡ.

ಕೊಟ್ಟಿಗೆಯಲ್ಲಿ ಗಂಗೆ ಕಾಯುತ್ತ ನಿಂತಿತ್ತು. ಅಂಗಿಯ ಎಡದೋಳು ಮಡಿಸಿ, ಕೈಗವಸು ತೊಟ್ಟು, ಕೈ ಒಳಗೆ ಹಾಕಿದ. ಬಲಗೈಯ ಕೆಲಸ ಮುಗಿಯಿತು. ಕೊಳವೆ ಪಕ್ಕಕ್ಕಿಟ್ಟ. ಎಡಗೈ ತೆಗೆಯಲಿಲ್ಲ. ಕೆನ್ನೆ ದನದ ಸೊಂಟಕ್ಕೆ ಒರಗಿತು. ಕಣ್ಣು ಮುಚ್ಚಿತು.

ಹಾಲಿನ ಪಾತ್ರೆ ತರಲು ಬಂದ ಜಯಪ್ಪ ಅದನ್ನು ನೋಡಿದರು. ಮೆಲ್ಲಗೆ ವಾಪಸ್ ಹೋಗಿ, "ಶ್! ಶುರುವಾಗಿದೆ" ಎಂದರು.

ಕಾಟಿಯ ಕಥೆ ಅರ್ಧಕ್ಕೆ ನಿಂತಿತು. ಮೂರು ತಾಲೂಕು ಕೇಳಿದ ಆ ಧ್ಯಾನವನ್ನು ಆ ಮನೆಯವರು ಕಣ್ಣಾರೆ ಕಂಡಿರಲಿಲ್ಲ. ಒಬ್ಬೊಬ್ಬರಾಗಿ ಹಿತ್ತಿಲಿಗೆ ಬಂದರು. ಭವ್ಯಶ್ರೀ ಬಂದಳು. ಪುಟ್ಟಪ್ಪ ಮತ್ತೆ ಬೇಲಿ ದಾಟಿದ. ಹರ್ಷವರ್ಧನ ಮಣೆ ಬಿಟ್ಟೆದ್ದು, ಮೂಗು ಒರೆಸಿಕೊಳ್ಳುತ್ತ ಬಂದು, ಫೋನ್ ತೆಗೆದು, ನಡುಗುವ ಕೈಯಲ್ಲೇ ವಿಡಿಯೋ ಹಿಡಿದ. ಮಂಡಿಗೆ ಕಂಬಳಿ ಸುತ್ತಿದ ಹೂವಮ್ಮ, ವೈರು ನೆಲಕ್ಕೆ ತಾಗದಂತೆ ಎತ್ತಿ ಹಿಡಿದು ಕೊನೆಯಲ್ಲಿ ಬಂದಳು. ಗಂಗೆಯ ಮೆಲುಕು ನಿಂತಿತ್ತು. ಗಜಾನನನ ಹುಬ್ಬು ಸಡಿಲವಾಗಿತ್ತು. ಮುಖದಲ್ಲಿ ಅಸೂಯೆಯ ಗುರುತೇ ಇರಲಿಲ್ಲ, ಋಷಿಯ ಮುಖದ ಹಾಗಿತ್ತು. ಅಲ್ಲಿ ಬಚ್ಚಲಲ್ಲಿ ಒಲೆ ಉರಿಯುತ್ತಿತ್ತು, ಅದರ ಮುಂದೆ ಮಣೆ ಖಾಲಿಯಾಗಿತ್ತು. ಕಾಯುವವರು ಕಾದರು. ಕೈ ಬರಲಿಲ್ಲ.

ಕೊನೆಗೆ ಹೂವಮ್ಮ ಇನ್ನೊಂದು ಹೆಜ್ಜೆ ಹತ್ತಿರ ಬಂದಳು. ಎರಡು ಸಲ ಗಬ್ಬ ನಿಲ್ಲದ ದನ; ಈ ಸಲ ಏನು ಕಾದಿದೆಯೋ.

"ಬನ್ನಿ, ಮಣೆ ಖಾಲಿ ಮಾಡ್ಸಿದೀನಿ, ಒಲೆ ಮುಂದೆ ನೀವೇ ಕೂತ್ಕಳಿ" ಎಂದಳು ಪಿಸುದನಿಯಲ್ಲಿ. "ಎಂತದು, ಒಂದ್ಮಾತು ಹೇಳಿ. ಒಳಗೆ ಎಂತ ಗೊತ್ತಾಗ್ತಿದೆ ನಿಮ್ಗೆ?"

ಗಜಾನನ ಒಂದು ಕಣ್ಣು ಮಾತ್ರ ತೆರೆದ.

"ಎಂತ ಇಲ್ಲ ಅತ್ತೆ. ಬೆಚ್ಚಗಿದೆ."